ಗುಜರಿಗೆ ಬಿದ್ದ ಯಂತ್ರಗಳಿಗೊಂದು ಜೋಗುಳ: ಗ್ರ್ಯಾಂಡ್‌ಡ್ಯಾಡಿಯ ‘ದಿ ಸಾಫ್ಟ್‌ವೇರ್ ಸ್ಲಂಪ್’ ಕೋಲಾರದ ಕಿವಿಗೆ

ಈ ಆಲ್ಬಂ ಹುಡುಕುವವರು ಮೊದಲು ಎಡವುವುದು ಹೆಸರಿನಲ್ಲಿ. ಆ್ಯಪ್‌ನಲ್ಲಿ ‘ಸಾಫ್ಟ್‌ವೇರ್’ ಎಂದು ಎಂದಿನಂತೆ ಟೈಪ್ ಮಾಡಿದರೆ ಇನ್ನೇನೋ ಬರಬಹುದು. ‘ಎಫ್’ ಅಕ್ಷರದ ಜಾಗದಲ್ಲಿ ‘ಪಿ’ ಮತ್ತು ‘ಎಚ್’ ಹಾಕಬೇಕು. ಅದು ಅಚ್ಚಿನ ತಪ್ಪಲ್ಲ. ಮೊದಲ ಆಲ್ಬಂ ಗೆದ್ದ ಬ್ಯಾಂಡು ಎರಡನೆಯದರಲ್ಲಿ ಸೊರಗಿದರೆ ಅಮೆರಿಕದವರು ‘ಸೋಫಮೋರ್ ಸ್ಲಂಪ್’ ಎನ್ನುತ್ತಾರೆ. ಇಂಗ್ಲಿಷಿನಲ್ಲಿ ‘ಪಿ’, ‘ಎಚ್’ ಹಾಕಿ ಬರೆಯುವ ಸೋಫಮೋರ್ ಎಂದರೆ ಕಾಲೇಜಿನ ಎರಡನೇ ವರ್ಷದ ವಿದ್ಯಾರ್ಥಿ, ಸ್ಲಂಪ್ ಎಂದರೆ ಕುಸಿತ. ಆ ಮಾತಿಗೆ ಸಾಫ್ಟ್‌ವೇರನ್ನು ಕಸಿ ಕಟ್ಟಿ, ತಮ್ಮ ಎರಡನೇ ಪೂರ್ಣ ಆಲ್ಬಂಗೆ ಗ್ರ್ಯಾಂಡ್‌ಡ್ಯಾಡಿ ಬ್ಯಾಂಡಿನವರು ಈ ಹೆಸರಿಟ್ಟರು. ಬಂದದ್ದು 2000ದ ಮೇ ತಿಂಗಳಲ್ಲಿ. ಡಾಟ್‌ಕಾಂ ಕಂಪನಿಗಳ ಷೇರು ಏರಿ ಏರಿ ಕುಸಿಯತೊಡಗಿದ್ದು ಅದೇ ವರ್ಷದ ಮಾರ್ಚ್‌ನಲ್ಲಿ. ಹೊತ್ತು ಬಲ್ಲ ಹೆಸರು.

ಹನ್ನೊಂದು ಹಾಡು, ಸುಮಾರು 47 ನಿಮಿಷ. ಯಂತ್ರಗಳ ನಡುವೆ ಬದುಕುವ ಮನುಷ್ಯರ ಬಗ್ಗೆ ಇಂಡೀ ರಾಕ್‌ನಲ್ಲಿ ಬಂದ ಆಲ್ಬಂಗಳಲ್ಲಿ ಇಷ್ಟು ಮೆತ್ತಗಿನದು ಮತ್ತೊಂದಿಲ್ಲ. ಇದನ್ನು ಬ್ರಿಟನ್ನಿನ ಬ್ಯಾಂಡು ರೇಡಿಯೋಹೆಡ್‌ನ 1997ರ ‘ಓಕೆ ಕಂಪ್ಯೂಟರ್’ ಪಕ್ಕ ಇಟ್ಟು ನೋಡುವುದು ವಿಮರ್ಶಕರ ಹಳೇ ವಾಡಿಕೆ. ಆದರೆ ಅಲ್ಲಿರುವುದು ನಗರದ ಒಳಗೆ ಸಿಕ್ಕಿಕೊಂಡವನ ಭಯ. ಇಲ್ಲಿ ಕೇಳಿಸುವುದು ನಗರ ಬಳಸಿ ಬಿಸಾಡಿದ ವಸ್ತುಗಳು ಬಂದು ಬೀಳುವ ಹಿತ್ತಲಿನ ದುಃಖ. ಕೋಲಾರ ಜಿಲ್ಲೆಯ ಕೇಳುಗರಿಗೆ ಈ ಎರಡನೆಯದು ಬೇಗ ಹತ್ತಿರವಾಗುತ್ತದೆ. ಅದಕ್ಕೆ ಭೂಗೋಳದ ಕಾರಣವಿದೆ.

ಬ್ಯಾಂಡು ಹುಟ್ಟಿದ್ದು ಕ್ಯಾಲಿಫೋರ್ನಿಯಾದ ಮೊಡೆಸ್ಟೊದಲ್ಲಿ. ಬಾದಾಮಿ ತೋಟ, ದ್ರಾಕ್ಷಿ, ಹೈನುಗಾರಿಕೆಯ ಬಯಲು ಸೀಮೆ ಅದು. ಬೆಟ್ಟದ ಸಾಲು ದಾಟಿದರೆ ಸಿಲಿಕಾನ್ ವ್ಯಾಲಿ. ಸ್ಯಾನ್ ಫ್ರಾನ್ಸಿಸ್ಕೊ ಸುಮಾರು 150 ಕಿ.ಮೀ. ದೂರ. ಕತ್ತಲಿರುವಾಗಲೇ ಎದ್ದು ಆಚೆ ದುಡಿಯಲು ಹೋಗಿ ಕತ್ತಲಾದ ಮೇಲೆ ಮರಳುವವರು ಆ ಸೀಮೆಯಲ್ಲಿ ಬಹಳ. ಊರಿನ ಬೀದಿಗೆ 1912ರಲ್ಲಿ ಕಟ್ಟಿದ ಕಮಾನಿನ ಮೇಲೆ ನಾಲ್ಕು ಪದಗಳಿವೆ: ನೀರು, ಸಂಪತ್ತು, ತೃಪ್ತಿ, ಆರೋಗ್ಯ. ಮೊದಲ ಪದ ನೀರು ಎಂಬುದನ್ನು ಗಮನಿಸಿ. ಸಾವಿರ ಅಡಿ ಕೊರೆದರೂ ಧೂಳೇ ಹಾರುವ ಕೊಳವೆಬಾವಿ ಕಂಡ ನಮ್ಮವರಿಗೆ ಆ ಕಮಾನು ಏನು ಹೇಳುತ್ತಿದೆ ಎಂದು ಬಿಡಿಸಿ ಹೇಳಬೇಕಿಲ್ಲ. ಟೊಮೆಟೊ ಮಂಡಿ, ಹಾಲಿನ ಕ್ಯಾನು, ಶ್ರೀನಿವಾಸಪುರದ ಮಾವು, ಜತೆಗೆ ನರಸಾಪುರದಲ್ಲಿ ಫೋನ್ ಜೋಡಿಸುವ ಕಾರ್ಖಾನೆ, ಮಾರಿಕುಪ್ಪಂನಿಂದ ಬೆಂಗಳೂರಿಗೆ ತುಂಬಿ ತುಳುಕುವ ರೈಲು. ಬ್ಯಾಂಡಿನ ಹಾಡುಗಾರ ಜೇಸನ್ ಲೈಟಲ್ ಹಾಡುವ ಊರಿನ ನಕ್ಷೆಯೂ ಹೆಚ್ಚುಕಡಿಮೆ ಇದೇ.

ಹಾಡು ಬರೆದವನೂ ಹಾಡಿದವನೂ ಲೈಟಲ್. ಆಲ್ಬಂನ ಬಹುಪಾಲನ್ನು ಮೊಡೆಸ್ಟೊ ಹೊರಗಿನ ತೋಟದ ಮನೆಯೊಂದರಲ್ಲಿ ತಾನೇ ಧ್ವನಿಮುದ್ರಿಸಿದ. ಅದು ಕಿವಿಗೆ ಗೊತ್ತಾಗುತ್ತದೆ. ದೊಡ್ಡ ಸ್ಟುಡಿಯೋದ ಹೊಳಪು ಇದರಲ್ಲಿಲ್ಲ. ಅಗ್ಗದ ಕೀಬೋರ್ಡಿನ ‘ಕೀಂ ಕೀಂ’, ಪಿಯಾನೋ, ಒರಟು ಗಿಟಾರು, ನಡುವೆ ಲೈಟಲ್‌ನ ತೆಳುವಾದ ಎತ್ತರದ ದನಿ, ಎಲ್ಲವೂ ಒಂದೇ ಕೋಣೆಯಲ್ಲಿ ಕೂತಂತೆ ಕೇಳುತ್ತವೆ. ಆ ದನಿ ಎಂದೂ ಕಿರುಚುವುದಿಲ್ಲ. ಯಂತ್ರದ ಸದ್ದನ್ನು ಇಲ್ಲಿ ಶತ್ರುವಿನ ಹಾಗೆ ಬಳಸಿಲ್ಲ, ಮನೆಯ ಸಾಕುಪ್ರಾಣಿಯ ಹಾಗೆ ಬಳಸಲಾಗಿದೆ. ಆಲ್ಬಂ ಹೇಳಬೇಕೆಂದಿರುವುದರ ಅರ್ಧ ಈ ಸದ್ದಿನ ಆಯ್ಕೆಯಲ್ಲೇ ಹೇಳಿಯಾಗಿದೆ.

ಮೊದಲ ಹಾಡೇ ಒಂಬತ್ತು ನಿಮಿಷಕ್ಕೆ ಹತ್ತಿರ. ಎರಡು ಸಾವಿರದ ಇಸವಿಯ ಮನುಷ್ಯನೊಬ್ಬ ದಾರಿ ತಪ್ಪಿ ತೇಲುತ್ತಿದ್ದಾನೆ. ಕೈಚೆಲ್ಲಿದೆಯಾ ಎಂದು ಹಾಡು ಅವನನ್ನು ಮತ್ತೆ ಮತ್ತೆ ಕೇಳುತ್ತದೆ. ಒಂದೇ ಹಾಡಿನೊಳಗೆ ಮೂರು ಭಾಗಗಳಿವೆ, ಲಯ ಬದಲಾಗುತ್ತದೆ, ಮುಗಿಯಿತು ಅಂದುಕೊಂಡಾಗ ಮುಂದುವರಿಯುತ್ತದೆ. ಎಷ್ಟೋ ಜನ ಆಲ್ಬಂ ಕೈಬಿಡುವುದು ಇಲ್ಲೇ, ಮೂರು ನಿಮಿಷಕ್ಕೆ ಪಲ್ಲವಿ ಬಂದು ಮುಗಿಯಬೇಕು ಎಂದು ಕಿವಿ ಕಾಯುತ್ತಿರುತ್ತದೆ. ಇದನ್ನು ಹಾಡು ಎಂದುಕೊಳ್ಳುವ ಬದಲು ಆಲ್ಬಂನ ಹೊಸಿಲು ಎಂದುಕೊಂಡರೆ ಸಲೀಸು. ಬೇಸರವಾದರೂ ದಾಟಿಸಬೇಡಿ. ಕೊನೆಯ ಹಾಡು ಈ ಮೊದಲನೆಯದಕ್ಕೆ ಉತ್ತರದಂತಿದೆ. ಪ್ರಶ್ನೆ ಕೇಳಿಸಿಕೊಳ್ಳದವರಿಗೆ ಉತ್ತರ ಬರೀ ಇಂಪಾದ ಸದ್ದಾಗಿ ಉಳಿಯುತ್ತದೆ.

ಆಲ್ಬಂನ ಹೃದಯ ಮೂರನೇ ಹಾಡು, ‘ಜೆಡ್ ದ ಹ್ಯೂಮನಾಯ್ಡ್’. ಕೈಗೆ ಸಿಕ್ಕ ಬಿಡಿಭಾಗಗಳನ್ನೆಲ್ಲ ಸೇರಿಸಿ ಅಡುಗೆಮನೆಯಲ್ಲಿ ಕಟ್ಟಿದ ಒಂದು ಯಂತ್ರಮಾನವ ಜೆಡ್. ನಡೆಯುತ್ತಾನೆ, ಹಾಡುತ್ತಾನೆ, ಲೆಕ್ಕ ಬಿಡಿಸುತ್ತಾನೆ. ಒಂದೆರಡು ವರ್ಷ ಎಲ್ಲರಿಗೂ ಮುದ್ದು. ಆಮೇಲೆ ಹೊಸ ಸಂಶೋಧನೆಗಳು ಬರುತ್ತವೆ, ಮನೆಯವರಿಗೆ ಅವನ ಕಡೆ ನೋಡಲು ಪುರುಸೊತ್ತಿರುವುದಿಲ್ಲ. ಎಲ್ಲರೂ ಹೊರಗೆ ಹೋದಾಗ ಜೆಡ್ ಮನೆಯಲ್ಲಿದ್ದ ಹೆಂಡವನ್ನೆಲ್ಲ ಕುಡಿದು, ಗಡಗಡಿಸಿ, ನಿಂತುಹೋಗುತ್ತಾನೆ. ಕಥೆ ಇಷ್ಟೇ. ಕೇಳಿದಾಕ್ಷಣ ನಗು ಬರಬಹುದಾದ ಇದನ್ನು ಲೈಟಲ್ ಹಾಡುವುದು ಮಾತ್ರ ಸಾವಿನ ಮನೆಯಲ್ಲಿ ಕೂತು ಮಾತಾಡುವವನ ದನಿಯಲ್ಲಿ, ನಿಧಾನವಾಗಿ, ಒಂದು ಪದಕ್ಕೂ ಒತ್ತು ಹಾಕದೆ. ಹಾಗಾಗಿ ನಗು ಗಂಟಲಲ್ಲೇ ನಿಲ್ಲುತ್ತದೆ. ಯಂತ್ರ ಮನುಷ್ಯನನ್ನು ಆಳುತ್ತದೆ ಎಂಬ ಭಯದ ಕಥೆಗಳು ಸಾಕಷ್ಟಿವೆ. ಮನುಷ್ಯ ಯಂತ್ರವನ್ನು ಒಂಟಿ ಮಾಡಿದ ಕಥೆ ಅಪರೂಪ. ಜೆಡ್ ಜಾಗದಲ್ಲಿ ಕೆಲಸ ಹೋದ ನಡುವಯಸ್ಸಿನ ಕಾರ್ಮಿಕನನ್ನೋ ಮನೆಯ ಮೂಲೆಗೆ ಸರಿದ ಅಜ್ಜನನ್ನೋ ಕೂರಿಸಿದರೆ ಒಂದು ಸಾಲೂ ಬದಲಿಸಬೇಕಾಗುವುದಿಲ್ಲ. ಹಾಡಿನ ಶಕ್ತಿ ಅದು.

ಸತ್ತ ಜೆಡ್ ಮತ್ತೆ ಬರುವುದು ಎಂಟನೇ ಹಾಡಿನಲ್ಲಿ, ಅವನು ಬರೆದಿಟ್ಟ ಕವಿತೆಯಾಗಿ. ಇದಕ್ಕೇ ಶಫಲ್ ಆಫ್ ಮಾಡಿ ಎನ್ನುವುದು. ಕೆಲವು ಉಚಿತ ಖಾತೆಗಳಲ್ಲಿ ಆ್ಯಪ್ ತಾನೇ ಕಲಸಿ ನುಡಿಸುತ್ತದೆ. ಆಗ ಕವಿತೆ ಮೊದಲು, ಸಾವು ಆಮೇಲೆ ಬಂದು ಎರಡೂ ಹಾಡು ಅರ್ಥ ಕಳೆದುಕೊಳ್ಳುತ್ತವೆ. ಈ ಎಂಟನೇ ಹಾಡಿಗೊಂದು ವಿಡಿಯೊ ಇದೆ, ಹುಡುಕಿ ನೋಡಿ. ಸ್ಟೂವರ್ಟ್ ಸ್ಮಿತ್ ಎಂಬ ಅಭಿಮಾನಿ ಯಾರೂ ಕೇಳದೆ ತಾನಾಗಿ ಮಾಡಿದ್ದು, ಮುಂದೆ ಅದೇ ಅಧಿಕೃತ ವಿಡಿಯೊ ಆಯಿತು. 1979ರ ಆ್ಯಪಲ್ ಟೂ ಪ್ಲಸ್ ಕಂಪ್ಯೂಟರಿನಲ್ಲಿ, 48 ಕಿಲೋಬೈಟ್ ಮೆಮೊರಿಯೊಳಗೆ, ಬೇಸಿಕ್ ಭಾಷೆಯಲ್ಲಿ ಬರೆದ ಪ್ರೋಗ್ರಾಂ ಅದು. ಪರದೆಯ ಮೇಲೆ ಬರೀ ಅಕ್ಷರಗಳು ದನಿಗೆ ತಕ್ಕಂತೆ ಮೂಡಿ ಅಳಿಯುತ್ತವೆ. ಎಂದೋ ಮೂಲೆ ಸೇರಿದ ಯಂತ್ರವೊಂದು ತನ್ನ ಬಂಧುವಿನ ಕವಿತೆ ಓದುತ್ತಿರುವ ಹಾಗೆ.

ಏಳನೇ ಹಾಡಿನ ಹೆಸರು ಉದ್ದ: ‘ಬ್ರೋಕನ್ ಹೌಸ್‌ಹೋಲ್ಡ್ ಅಪ್ಲಯನ್ಸ್ ನ್ಯಾಷನಲ್ ಫಾರೆಸ್ಟ್’. ಕೆಟ್ಟ ಗೃಹೋಪಯೋಗಿ ವಸ್ತುಗಳ ರಾಷ್ಟ್ರೀಯ ಅರಣ್ಯ ಎಂದರೆ ಸರಿಹೋದೀತು. ಓವನ್ನಿನ ಬಾಗಿಲಿನಿಂದ ಗೂಬೆ ಹಾರುತ್ತದೆ, ಹಿಂದೆ ಎಲೆಕೋಸು ತಂಪಾಗಿಡುತ್ತಿದ್ದ ಫ್ರಿಜ್ಜಿನ ತರಕಾರಿ ಡಬ್ಬಗಳು ಹಳ್ಳದ ದಂಡೆಯುದ್ದಕ್ಕೂ ಬಿದ್ದಿವೆ. ಎಲೆಕೋಸನ್ನು ಲೋಡುಗಟ್ಟಲೆ ಬೆಂಗಳೂರಿಗೆ ಕಳಿಸುವ ಮಾಲೂರು ಕಡೆಯವರು ಆ ವಿವರದ ಬಳಿ ಒಂದು ಕ್ಷಣ ನಿಲ್ಲದೆ ಇರಲಾರರು. ಹಾಡು ಮೆತ್ತಗೆ ಶುರುವಾಗಿ ಗಿಟಾರುಗಳು ಒಮ್ಮೆಲೇ ಮೈಮೇಲೆ ಬೀಳುತ್ತವೆ. ಸುಮ್ಮನಿದ್ದಾಗಿನ ಸದ್ದಿಗೆ ವಾಲ್ಯೂಮ್ ಏರಿಸಿಕೊಂಡವರ ಕಿವಿಗೆ ಇಲ್ಲಿ ಪೆಟ್ಟು ಖಂಡಿತ. ಹಾಡಿನ ಜೋರಾದ ಭಾಗಕ್ಕೆ ಹೊಂದಿಸಿ ವಾಲ್ಯೂಮ್ ಇಟ್ಟುಕೊಂಡು ಆಲ್ಬಂ ಮೊದಲಿನಿಂದ ಶುರು ಮಾಡುವುದು ಒಳ್ಳೆಯದು.

‘ದ ಕ್ರಿಸ್ಟಲ್ ಲೇಕ್’ ಎಲ್ಲರಿಗೂ ಗೊತ್ತಿರುವ ಹಾಡು, ಸಿಂಗಲ್ ಆಗಿಯೂ ಬಂತು. ಸಿಂಥಸೈಜರಿನ ಸ್ವರಗಳು ಮೆಟ್ಟಿಲು ಹತ್ತಿಳಿದಂತೆ ಓಡುತ್ತ ಶುರುವಾಗುತ್ತದೆ. ತಿಳಿನೀರಿನ ಕೆರೆಯೂರು ಬಿಟ್ಟು ನಗರಕ್ಕೆ ಬಂದವನು ನಕಲಿ ಮರಗಳ ನಡುವೆ ನಿಂತು, ಬಿಟ್ಟು ಬರಬಾರದಿತ್ತು ಎನ್ನುತ್ತಾನೆ. ಕೋಲಾರದಲ್ಲಿ ಕೇಳುವಾಗ ಈ ಹಾಡಿಗೆ ಬರೆದವನು ಊಹಿಸದ ಇನ್ನೊಂದು ಮಗ್ಗುಲು ಬರುತ್ತದೆ. 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರು ಬಳಸಿ ಬಿಟ್ಟ ನೀರು ಸಂಸ್ಕರಣೆಯಾಗಿ ನಮ್ಮ ಕೆರೆಗಳಿಗೆ ಬಂದು ಬೀಳುತ್ತಿದೆ. ನಗರಕ್ಕೆ ಹೋದವನು ಮರಳಿ ಬಂದರೂ ಕೆರೆಯಲ್ಲಿ ಕಾಣುವುದು ನಗರದ ನೀರೇ.

ಹತ್ತನೆಯದು ‘ಮೈನರ್ ಅಟ್ ದ ಡಯಲ್-ಎ-ವ್ಯೂ’. ತುಂಬ ದೂರದಲ್ಲಿ ದುಡಿಯುವ ಗಣಿ ಕಾರ್ಮಿಕನೊಬ್ಬ ಒಂದು ಯಂತ್ರದ ಮುಂದೆ ನಿಂತು ತನ್ನ ಊರನ್ನು, ಮನೆಯನ್ನು ನೋಡುತ್ತಾನೆ. ಗೂಗಲ್ ಅರ್ಥ್ ಬಂದದ್ದು 2005ರಲ್ಲಿ. ಆಕಾಶದಿಂದ ಸ್ವಂತ ಮನೆಯ ಸೂರು ಹುಡುಕುವ ಹಂಬಲವನ್ನು ಈ ಹಾಡು ಐದು ವರ್ಷ ಮೊದಲೇ ಹಿಡಿದಿಟ್ಟಿತ್ತು. ಕೆ.ಜಿ.ಎಫ್.ನ ಮನೆಗಳಲ್ಲಿ ಈ ಹಾಡು ಕೇಳಿಸಬೇಕು. ಆಲ್ಬಂ ಬಂದ ಮರುವರ್ಷವೇ, 2001ರಲ್ಲಿ, ಅಲ್ಲಿನ ಚಿನ್ನದ ಗಣಿ ಮುಚ್ಚಿತು. ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿಯುತ್ತಿದ್ದವರ ಮಕ್ಕಳು ಈಗ ದಿನಾ ರೈಲಿನಲ್ಲಿ ಬೆಂಗಳೂರಿಗೆ ಹೋಗಿ, ವಿಡಿಯೊ ಕಾಲ್‌ನಲ್ಲಿ ಮನೆ ನೋಡುತ್ತಾರೆ. ಐದು ನಿಮಿಷ ದಾಟುವ ಈ ಹಾಡಿನಲ್ಲಿ ಅವಸರವೇ ಇಲ್ಲ. ಸಾಹಿತ್ಯ ಅರ್ಥವಾಗದವರಿಗೂ, ಕಾಣುತ್ತಿದೆ ಆದರೆ ಕೈಗೆ ಎಟುಕುತ್ತಿಲ್ಲ ಎಂಬುದು ರಾಗದಲ್ಲೇ ತಲುಪುತ್ತದೆ.

ಉಳಿದ ಹಾಡುಗಳೆಲ್ಲ ಇದೇ ತೂಕದವಲ್ಲ. ಹ್ಯೂಲೆಟ್-ಪ್ಯಾಕರ್ಡ್ ನೆನಪಿಸುವ ಹೆಸರಿನ ‘ಹ್ಯೂಲೆಟ್ಸ್ ಡಾಟರ್’ ಮೂರು ನಿಮಿಷದ ಚೆಂದದ ಪಾಪ್, ಹೆಸರು ಕೊಟ್ಟಷ್ಟು ಆಸೆಯನ್ನು ಸಾಹಿತ್ಯ ತೀರಿಸುವುದಿಲ್ಲ. ‘ಚಾರ್ಟ್ಸೆಂಗ್ರಾಫ್ಸ್’ ಜೋರಾಗಿದೆ, ಅಷ್ಟೇ. ಆರನೆಯದು ಪಿಯಾನೋ ಮೇಲಿನ ಪುಟ್ಟ ಜೋಗುಳ, ಒಂಬತ್ತನೆಯದು ಎರಡು ನಿಮಿಷದ ವಾದ್ಯಸಂಗೀತ. ಆಲ್ಬಂನ ನಡುಭಾಗ ಹೀಗೆ ಸ್ವಲ್ಪ ಜಗ್ಗುತ್ತದೆ. ಇನ್ನೊಂದು ನಿಜವಾದ ಕೊರತೆ ಎಂದರೆ ಎಲ್ಲ ಪಾತ್ರಗಳೂ ಒಂದೇ ದನಿಯಲ್ಲಿ ಮಾತಾಡುವುದು. ಮೊದಲ ಹಾಡಿನ ಪೈಲಟ್, ಜೆಡ್, ಗಣಿ ಕಾರ್ಮಿಕ, ಕೆರೆ ಬಿಟ್ಟವನು, ಎಲ್ಲರೂ ಅದೇ ಸೋತ ಹುಡುಗನಂತೆ ಕೇಳಿಸುತ್ತಾರೆ. ಹೆಂಗಸಿನ ದನಿ ಒಂದಾದರೂ ಮುಂದೆ ಬಂದಿದ್ದರೆ ಆಲ್ಬಂನ ಲೋಕ ಹಿಗ್ಗುತ್ತಿತ್ತು.

ಈಗ ಕೇಳುವ ಬಗೆ. ಈ ಆಲ್ಬಂ ಕೆಡುವುದು ಹೆಚ್ಚಾಗಿ ಸೆಟ್ಟಿಂಗ್‌ನಲ್ಲಿ. ಅಗ್ಗದ ಬ್ಲೂಟೂತ್ ಇಯರ್‌ಫೋನ್‌ಗಳಲ್ಲಿ ಬೇಸ್, ಅಂದರೆ ಕೆಳಸ್ವರ, ಮೊದಲೇ ಹೆಚ್ಚು. ಅದರ ಮೇಲೆ ಫೋನಿನ ‘ಬೇಸ್ ಬೂಸ್ಟ್’ ಸೇರಿದರೆ ಲೈಟಲ್‌ನ ತೆಳು ದನಿ ಮುಳುಗಿಹೋಗುತ್ತದೆ. ಮೇಲುಸ್ವರ ಕೆಳಸ್ವರಗಳನ್ನು ಏರಿಸಿ ಇಳಿಸುವ ಈಕ್ವಲೈಜರನ್ನು ಫ್ಲ್ಯಾಟ್ ಮಾಡಿ. ಡಾಲ್ಬಿ, ತ್ರೀ-ಡಿ, ಸರೌಂಡ್ ಎಂಬ ಗುಂಡಿಗಳಿದ್ದರೆ ಆಫ್ ಮಾಡಿ. ಇವು ಎರಡು ಚಾನಲ್‌ನ ಹಳೇ ಮುದ್ರಣವನ್ನು ಎಳೆದು ಹಿಗ್ಗಿಸಿ ನಡುವಿನ ದನಿಯನ್ನು ಟೊಳ್ಳು ಮಾಡುತ್ತವೆ. ಕ್ರಾಸ್‌ಫೇಡ್ ಸೊನ್ನೆಗೆ ಇರಲಿ, ಇಲ್ಲವಾದರೆ ಒಂದು ಹಾಡಿನ ಬಾಲ ಇನ್ನೊಂದರ ತಲೆಗೆ ಅಂಟುತ್ತದೆ. ವೈರ್ ಇರುವ ಸಾಧಾರಣ ಇಯರ್‌ಫೋನ್ ಸಾಕು, ಆದರೆ ರಬ್ಬರ್ ತುದಿ ಕಿವಿಗೆ ಸರಿಯಾಗಿ ಕೂರಬೇಕು. ಗಾಳಿ ಸೋರಿದರೆ ಬೇಸ್ ಮಾಯವಾಗಿ ಆಲ್ಬಂ ಪೂರ್ತಿ ತಗಡಿನಂತೆ ಕೇಳಿಸುತ್ತದೆ. ಮೂರು ಅಳತೆಯ ತುದಿ ಕೊಟ್ಟಿದ್ದರೆ ಮೂರನ್ನೂ ಹಾಕಿ ನೋಡಿ, ಎರಡು ಕಿವಿಗೆ ಬೇರೆ ಬೇರೆ ಅಳತೆ ಬೇಕಾಗುವುದೂ ಉಂಟು.

ಲ್ಯಾಪ್‌ಟಾಪಿನಲ್ಲಿ ಬ್ಲೂಟೂತ್ ಮೂಲಕ ಕೇಳುವವರು ಮೀಟಿಂಗ್ ಆ್ಯಪ್ ಮುಚ್ಚಿಡಿ. ಯಾವುದಾದರೂ ಆ್ಯಪ್ ಇಯರ್‌ಫೋನಿನ ಮೈಕ್ ಹಿಡಿದುಕೊಂಡರೆ ಬ್ಲೂಟೂತ್ ಫೋನ್ ಕರೆಯ ಪ್ರೊಫೈಲಿಗೆ ಇಳಿಯುತ್ತದೆ. ಸ್ಟೀರಿಯೊ ಹೋಗಿ ಮೋನೊ ಆಗುತ್ತದೆ, ಮೇಲಿನ ಸ್ವರಗಳೆಲ್ಲ ಕತ್ತರಿಸಿಹೋಗುತ್ತವೆ. ಆಲ್ಬಂನ ಸಣ್ಣ ಸದ್ದುಗಳಲ್ಲಿ ಅರ್ಧ ಆಗ ಕೇಳುವುದೇ ಇಲ್ಲ.

‘ಗೊರ್’ ಎಂಬ ಸದ್ದು ಬರುತ್ತಿದೆ, ಮುದ್ರಣವೇ ಹಾಳಾಗಿದೆ ಎಂಬ ದೂರಿಗೂ ಉತ್ತರವಿದೆ. ಈ ಆಲ್ಬಂನಲ್ಲಿ ಬೇಕೆಂದೇ ಸೇರಿಸಿದ ಗುಸುಗುಸು, ಚಟಪಟ ಬೇಕಾದಷ್ಟಿವೆ. ಪಾಜ್ ಒತ್ತಿ ಹಾಡು ನಿಲ್ಲಿಸಿ ನೋಡಿ. ಸದ್ದು ನಿಂತರೆ ಅದು ಹಾಡಿನದ್ದು. ನಿಲ್ಲದಿದ್ದರೆ ನಿಮ್ಮ ವೈರಿಂಗಿನದ್ದು. ಚಾರ್ಜರ್ ಹಾಕಿದ ಲ್ಯಾಪ್‌ಟಾಪನ್ನು ಆ್ಯಂಪ್ಲಿಫೈಯರಿಗೆ ಜೋಡಿಸಿದಾಗ 50 ಹರ್ಟ್ಸ್‌ನ ಗುಂಯ್‌ಗುಡುವಿಕೆ ಬರುವುದು ಸಾಮಾನ್ಯ. ಎರಡೂ ಬೇರೆ ಬೇರೆ ಪ್ಲಗ್ಗಿನಿಂದ ಅರ್ಥ್ ಪಡೆಯುವಾಗ ನಡುವೆ ಕರೆಂಟ್ ಸುತ್ತುತ್ತದೆ. ಎರಡನ್ನೂ ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ಹಾಕಿ, ಅದಕ್ಕೂ ಬಗ್ಗದಿದ್ದರೆ ಲ್ಯಾಪ್‌ಟಾಪನ್ನು ಬ್ಯಾಟರಿ ಮೇಲೆ ಓಡಿಸಿ. ಸದ್ದು ಅಡಗಿಸಲೆಂದು ಪ್ಲಗ್ಗಿನ ಅರ್ಥ್ ಪಿನ್ ಕಿತ್ತುಹಾಕುವುದು ಮಾತ್ರ ಪ್ರಾಣಕ್ಕೇ ಅಪಾಯ.

ರೈಲಿನಲ್ಲಿ ಕೇಳುವವರಿಗೆ ಬೇರೆ ತೊಡಕು. ಗಾಲಿಯ ಸದ್ದು ಕೆಳಸ್ವರಗಳಲ್ಲೇ ಹೆಚ್ಚು, ಅದು ಹಾಡಿನ ಬೇಸನ್ನು ನುಂಗುತ್ತದೆ, ಮೊದಲ, ಮೂರನೇ ಮತ್ತು ಹತ್ತನೇ ಹಾಡಿನ ಮೆಲುದನಿ ಮರೆಯಾಗುತ್ತದೆ. ಜನ ಆಗ ವಾಲ್ಯೂಮ್ ಏರಿಸುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಿತಿ 80 ಡೆಸಿಬೆಲ್‌ನಲ್ಲಿ ವಾರಕ್ಕೆ 40 ಗಂಟೆ. ಸದ್ದು ಏರಿದಷ್ಟೂ ಆ ಗಂಟೆಗಳು ಬೇಗ ಕರಗುತ್ತವೆ. ದಿನಾ ಓಡಾಡುವವರು ನಾಯ್ಸ್ ಕ್ಯಾನ್ಸಲಿಂಗ್ ಇರುವುದನ್ನು ಕೊಂಡರೆ ದುಡ್ಡು ದಂಡವಲ್ಲ, ಅದು ಚೆನ್ನಾಗಿ ತಗ್ಗಿಸುವುದೇ ಈ ಕೆಳಸ್ವರದ ಗಡಗಡವನ್ನು. ದಾರಿಯಲ್ಲಿ ಸಿಗ್ನಲ್ ಬಂದು ಹೋಗುವುದರಿಂದ ಮನೆಯಲ್ಲೇ ಡೌನ್‌ಲೋಡ್ ಮಾಡಿಕೊಳ್ಳಿ. 320 ಕೆಬಿಪಿಎಸ್‌ನಲ್ಲಿ ಇಡೀ ಆಲ್ಬಂ ಸುಮಾರು 113 ಎಂಬಿ, 160ರಲ್ಲಿ ಅದರ ಅರ್ಧ. ಸೀಡಿಯಿಂದ ನೇರ ತೆಗೆದ ಫೈಲಾದರೆ 500 ಎಂಬಿಗೆ ಹತ್ತಿರ. ರೈಲಿನ ಗದ್ದಲದಲ್ಲಿ ಅದರ ಲಾಭ ಕಿವಿಗೆ ಸಿಗದು, ಮನೆಗೆ ಇಟ್ಟುಕೊಳ್ಳಿ.

ಇಂಗ್ಲಿಷ್ ಹಾಡು ಕೇಳಿ ರೂಢಿಯಿಲ್ಲದವರು ಮೊದಲ ಸಲ ಸಾಹಿತ್ಯ ಹಿಂಬಾಲಿಸುವುದು ಬೇಡ. ಎರಡನೇ ಸಲ ಮೂರು, ಏಳು, ಎಂಟು, ಹತ್ತು ಇವಿಷ್ಟರ ಸಾಹಿತ್ಯ ತೆರೆದಿಟ್ಟುಕೊಂಡು ಕೇಳಿ. ವಾಕ್ಯಗಳು ಸರಳ, ಪಿಯುಸಿ ಇಂಗ್ಲಿಷ್ ಸಾಕಾಗುತ್ತದೆ. ಇಷ್ಟವಾದರೆ ಇದೇ ಹಾಡುಗಳನ್ನು 2020ರಲ್ಲಿ, ಆಲ್ಬಂಗೆ 20 ತುಂಬಿದಾಗ, ಲೈಟಲ್ ಒಬ್ಬನೇ ಪಿಯಾನೋ ಮೇಲೆ ಮತ್ತೆ ಹಾಡಿದ ಆವೃತ್ತಿಯೂ ಇದೆ. ಅದರಿಂದ ಶುರು ಮಾಡಬೇಡಿ. ಯಂತ್ರದ ಸದ್ದುಗಳನ್ನು ಕಳಚಿಟ್ಟ ಮೇಲೆ ರಾಗಗಳ ಅಂದ ಎದ್ದು ಕಾಣುತ್ತದೆ ನಿಜ, ಆದರೆ ಜೆಡ್‌ನ ಮನೆಯವರೆಲ್ಲ ಇದ್ದು ಜೆಡ್ ಒಬ್ಬನೇ ಇಲ್ಲದಂತಾಗುತ್ತದೆ.

ಬಂಗಾರಪೇಟೆಯಲ್ಲಿ ಹತ್ತಿ ಪ್ಲೇ ಒತ್ತಿದರೆ, ರೈಲು ಹೆಚ್ಚು ತಡವರಿಸದಿದ್ದಲ್ಲಿ, ವೈಟ್‌ಫೀಲ್ಡ್ ಹತ್ತಿರವಾಗುವ ಹೊತ್ತಿಗೆ ಆಲ್ಬಂ ಕೊನೆಯ ಹಾಡಿಗೆ ಬಂದಿರುತ್ತದೆ. ಆಕಾಶದ ಕಡೆ ಗುರಿಯಿಡು ಎಂದು ಹಾರೈಸುವ ಆ ಹಾಡು ಮೆಲ್ಲಗೆ ಕರಗುತ್ತದೆ, ಅವಸರದಲ್ಲಿ ನಿಲ್ಲುವುದಿಲ್ಲ. ಅದಕ್ಕೆ ಮೊದಲೇ ಸೆಟ್ಟಿಂಗ್‌ಗೆ ಹೋಗಿ ಆಟೋಪ್ಲೇ ಆಫ್ ಮಾಡಿಟ್ಟಿರಿ. ಮರೆತರೆ ಕೊನೆಯ ಸ್ವರ ಆರುವಷ್ಟರಲ್ಲಿ ಆ್ಯಪ್ ತಾನೇ ಆರಿಸಿದ ಇನ್ನಾರದೋ ಹಾಡು ಶುರುವಾಗಿಬಿಡುತ್ತದೆ.